ಹದ ಬಲ್ಲ ಕುಕ್ಕರ್

ನಮ್ಮ ಮನೆಯ ರೈಸ್ ಕುಕ್ಕರ್‌ಗೆ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇರಲಿಲ್ಲ. ಒಳಪಾತ್ರೆಯ ಕಪ್ಪು ಲೇಪ ಮಾತ್ರ ತಳದಲ್ಲಿ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಅನ್ನದ ಅಗುಳಿನ ಜೊತೆ ಕರಿ ಚೂರೊಂದು ಸಿಕ್ಕಿದ್ದೇ ತಡ, ನನ್ನ ಹೆಂಡತಿ ಅದನ್ನು ಹಿತ್ತಲ ಬಾಗಿಲಾಚೆ ಇಟ್ಟುಬಿಟ್ಟಳು. ಹಿತ್ತಲ ಬಾಗಿಲಾಚೆ ಇಟ್ಟದ್ದಕ್ಕೆ ನಮ್ಮ ಮನೆಯಲ್ಲಿ ಎರಡು ಅರ್ಥ. ಅವಳ ಲೆಕ್ಕದಲ್ಲಿ ಅದು ಭಾನುವಾರ ಕೂಗಿಕೊಂಡು ಬರುವ ಗುಜರಿಯವನಿಗೆ. ನನ್ನ ಲೆಕ್ಕದಲ್ಲಿ ಮಹಡಿ ಮೇಲಿನ ಶೆಡ್ಡಿಗೆ.

"ಬಿಸಾಕಿ ಅಂತ ಇಟ್ರೆ ಮೇಲಕ್ಕೆ ಹೊತ್ಕೊಂಡು ಹೋಗ್ತೀರಲ್ಲ, ಮೇಲೇನು ಇನ್ನೊಂದು ಸಂಸಾರ ಹೂಡಿದ್ದೀರಾ?"

ಒಂದು ರೀತಿಯಲ್ಲಿ ನಿಜವೇ. ಮೈಸೂರಿನ ಜೆ.ಪಿ. ನಗರದ ನಮ್ಮ ಮನೆಯ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, 10 ಅಡಿಗೆ 8 ಅಡಿಯ ಶೀಟಿನ ಕೋಣೆಯೊಂದಿದೆ. ಅಲ್ಲಿ ಒಲೆಯಿದೆ, ಇಸ್ತ್ರಿ ಪೆಟ್ಟಿಗೆಯಿದೆ, ಕೆಟಲ್ ಇದೆ, ಕೇಕು ಬೇಯಿಸುವ ಒಟಿಜಿ ಇದೆ. ತಿನ್ನುವ ಪದಾರ್ಥ ಮಾತ್ರ ಒಂದೂ ಬೇಯುವುದಿಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ಹಗಲೆಲ್ಲ ಕೆಟ್ಟದ್ದನ್ನು ಸರಿಮಾಡಿ, ಸಂಜೆ ಮನೆಗೆ ಬಂದು ಮತ್ತೆ ಕೆಟ್ಟದ್ದನ್ನೇ ಬಿಚ್ಚಿಕೊಂಡು ಕೂರುವುದು ಎಂಥ ಚಟವೋ ಕಾಣೆ.

ಯಾವ ಸಾಮಾನು ಮಹಡಿ ಹತ್ತಿದರೂ ಮೊದಲು ಮಾಡುವುದು ಒಂದೇ ಕೆಲಸ: ಪ್ಲಗ್ಗಿನ ಪಿನ್ನುಗಳಿಗೆ ಮೀಟರ್ ಹಿಡಿಯುವುದು. 700 ವಾಟಿನ ಕುಕ್ಕರ್, ಗುಂಡಿ ಒತ್ತಿ ನೋಡಿದರೆ, ಸುಮಾರು 75 ಓಂ ತಡೆ ತೋರಿಸಬೇಕು. 1000 ವಾಟಿನ ಇಸ್ತ್ರಿ ಪೆಟ್ಟಿಗೆಯಾದರೆ 53ರ ಆಸುಪಾಸು. ಅಷ್ಟು ತೋರಿಸಿತೋ, ಒಳಗಿನ ಎಲಿಮೆಂಟ್ ಜೀವಂತ. ಹಳೇ ಡೈರಿಯೊಂದರಲ್ಲಿ ಇದರ ಲೆಕ್ಕ ಬರೆದಿಟ್ಟಿದ್ದೇನೆ. ಇಲ್ಲಿಯವರೆಗೆ ಮೇಲೆ ಬಂದ 31 ಸಾಮಾನುಗಳಲ್ಲಿ ಎಲಿಮೆಂಟೇ ಸುಟ್ಟಿದ್ದು ಐದರಲ್ಲಿ. ಮಿಕ್ಕವು ಸತ್ತದ್ದು ವೈರು ಬುಡದಲ್ಲಿ ತುಂಡಾಗಿ, ಸ್ವಿಚ್ಚು ಕರಗಿ, ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ, ಬೆರಳುದ್ದವೂ ಇಲ್ಲದ ಥರ್ಮಲ್ ಫ್ಯೂಸ್ ಹೋಗಿ, ಇಲ್ಲವೇ ನಮ್ಮದರ ಹಾಗೆ ಮುಖ ಕೆಟ್ಟು. ಬಿಸಿ ಮಾಡುವ ಭಾಗ ಗಟ್ಟಿಪಿಂಡ. ಬಿಸಿಯನ್ನು ಕಾವಲು ಕಾಯುವ ಭಾಗವೇ ಬಡಪಾಯಿ.

ಗಟ್ಟಿತನದ ಗುಟ್ಟು ನಿಕ್ರೋಮ್ ತಂತಿಯಲ್ಲಿದೆ. ನಿಕ್ಕಲ್ 80 ಪಾಲು, ಕ್ರೋಮಿಯಂ 20 ಪಾಲು. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ಮಿಶ್ರಲೋಹ. ಮಾಮೂಲಿ ತಂತಿಯನ್ನು ಕೆಂಪಗೆ ಕಾಯಿಸಿದರೆ ಗಾಳಿಗೆ ಸವೆದು ಪುಡಿಯಾಗುತ್ತದೆ. ಇದು ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳ್ಳನೆಯ ಪೊರೆ ಹೊದ್ದುಕೊಳ್ಳುತ್ತದೆ, ಆ ಪೊರೆ ಒಳಗಿನ ಲೋಹವನ್ನು ಗಾಳಿಯಿಂದ ಉಳಿಸುತ್ತದೆ. ತಣ್ಣಗಿದ್ದಾಗಿನ ಓಂ ಲೆಕ್ಕಕ್ಕೂ ಕೆಂಪಗಾದಾಗಿನ ಲೆಕ್ಕಕ್ಕೂ ವ್ಯತ್ಯಾಸ ತೀರಾ ಕಡಿಮೆ. ಹಾಗಾಗಿಯೇ ತಣ್ಣನೆಯ ಕುಕ್ಕರಿಗೆ ಮೀಟರ್ ಹಿಡಿದು ಅದರ ವಾಟು ಹೇಳಬಹುದು. ಹಳೇ ಗಾಜಿನ ಬಲ್ಬಿಗೆ ಹೀಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಅದರ ಟಂಗ್‌ಸ್ಟನ್ ತಂತಿ ಉರಿಯುವಾಗ ಬೇರೆಯದೇ ಪ್ರಾಣಿ.

ಕರೆಂಟಿನಲ್ಲಿ ಏನನ್ನಾದರೂ ಕಾಯಿಸುವುದು ನಮ್ಮ ಅಜ್ಜಿಯ ಪಾಲಿಗೆ ಪಾಪದ ಕೆಲಸವಾಗಿತ್ತು. ಅವರ ಊರು ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆ, ಶಿವನಸಮುದ್ರಕ್ಕೆ ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ದೂರ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಪಕ್ಕದಲ್ಲೇ ಇದ್ದ ಅಜ್ಜಿಯ ಊರಿಗೆ ಬರುವಷ್ಟರಲ್ಲಿ ನಮ್ಮಪ್ಪ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದರಂತೆ. "ದೀಪಕ್ಕೆ ಅಂತ ಕೊಟ್ಟವ್ರೆ ಕಣಪ್ಪ, ಅದ್ರಲ್ಲಿ ನೀರು ಕಾಯಿಸ್ತಾರಾ?" ಅನ್ನುತ್ತಿದ್ದರು. ಆಮೇಲೆ ಅಪ್ಪನ ಜೊತೆ ಮೈಸೂರಿಗೆ ಬಂದಾಗ ಬಾಡಿಗೆ ಮನೆಯಲ್ಲಿ ದೀಪ-ಫ್ಯಾನಿಗೊಂದು ಮೀಟರು, ಒಲೆ-ಬಾಯ್ಲರಿಗೊಂದು ಮೀಟರು. ಎಇಎಚ್ ಕನೆಕ್ಷನ್ ಎಂಬ ಆ ಹೆಸರು, ಆಲ್ ಎಲೆಕ್ಟ್ರಿಕ್ ಹೋಂ ಎಂಬ ಆ ಬಿಂಕ, ನಲವತ್ತು ದಾಟಿದವರಿಗೆ ನೆನಪಿರಬೇಕು. ಬಾಯ್ಲರ್ ಹಾಕಿದಾಗ ಎರಡನೇ ಮೀಟರಿನ ತಟ್ಟೆ ರೊಯ್ಯನೆ ತಿರುಗುವುದನ್ನು ಅಜ್ಜಿ ಗಾಬರಿಯಿಂದ ನೋಡುತ್ತಿದ್ದರು. "ಗಾಣ ತಿರುಗ್ದಂಗೆ ತಿರುಗ್ತದಲ್ಲೋ."

ಗಾಣ ಅವರಿಗೆ ಗೊತ್ತಿದ್ದ ಯಂತ್ರ. ಅಜ್ಜನದು ಆಲೆಮನೆಯಿತ್ತು. ಕಬ್ಬಿನ ರಚ್ಚನ್ನೇ ಒಲೆಗೆ ನೂಕಿ, ಕೊಪ್ಪರಿಗೆಯ ಹಾಲು ಕುದಿಸಿ, ಪಾಕ ಇಳಿಸುವ ಹೊತ್ತಿಗೆ ಸರಿಯಾಗಿ ಒಬ್ಬರು ಬಂದು ನಿಲ್ಲುತ್ತಿದ್ದರು. ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡುವುದು. ಉಂಡೆ ನಿಂತರೆ "ಇಳ್ಸ್ರೋ" ಎಂದು ಒಂದೇ ಕೂಗು. 118, 120 ಡಿಗ್ರಿ ಎಂದು ಇವತ್ತು ನಾನು ಥರ್ಮಾಮೀಟರ್ ಹಿಡಿದು ಹೇಳುವುದನ್ನು ಅವರು ಬೆರಳಲ್ಲಿ ಹೇಳುತ್ತಿದ್ದರು. ಅರ್ಧ ನಿಮಿಷ ತಡವಾದರೆ ಬೆಲ್ಲ ಕಪ್ಪು, ಅರ್ಧ ನಿಮಿಷ ಮೊದಲಾದರೆ ಅಚ್ಚಿನಲ್ಲಿ ಕೂರದ ಜಿಗಟು. ಹದ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆ ಒಲೆಯ ಮುಂದೆ. ಮಣ್ಣಿಗೂ ಹದ, ಚರ್ಮಕ್ಕೂ ಹದ, ಉಳಿಯ ಬಾಯಿಗೂ ಹದ, ಮುದ್ದೆಗೂ ಹದ. ಬಿಸಿ ಮಾಡುವುದಕ್ಕೆ ಕನ್ನಡದಲ್ಲಿ ಬೇಕಾದಷ್ಟು ಮಾತಿವೆ, ಬಿಸಿ ಎಲ್ಲಿ ಸಾಕು ಎನ್ನುವುದಕ್ಕೆ ಇದೊಂದು ಪುಟ್ಟ ಮಾತು.

ಇದು ತಲೆಗೆ ಹೋಗುವ ಮೊದಲು ನಾನು ಮಾಡಿದ್ದೆಲ್ಲ ಹಠದ ಕೆಲಸ. ಶುರು ಮಾಡಿದ್ದು ಕಾಯಿಲ್ ಒಲೆಯಿಂದ. ಮಣ್ಣಿನ ಬಿಲ್ಲೆಯ ಹಳ್ಳದಲ್ಲಿ ಸುರುಳಿ ತಂತಿ ಕೂರಿಸಿದ, ಹಾಸ್ಟೆಲ್ ಹುಡುಗರು ವಾರ್ಡನ್ ಕಣ್ಣು ತಪ್ಪಿಸಿ ಮ್ಯಾಗಿ ಮಾಡಿಕೊಳ್ಳುತ್ತಿದ್ದ ಆ 2000 ವಾಟಿನ ಒಲೆ. ಮಂಡಿ ಮೊಹಲ್ಲಾದ ಗುಜರಿಯಲ್ಲಿ 60 ರೂಪಾಯಿಗೆ ತಂದೆ. ಅದರ ಕಾಯಿಲ್ ಬಿಚ್ಚಿ, ಎಳೆದು, ಇಟ್ಟಿಗೆಯೊಳಗೆ ಹಳ್ಳ ಕೊರೆದು ಸುತ್ತಿ, ಅಲ್ಯೂಮಿನಿಯಂ ಕರಗಿಸುವ ಕುಲುಮೆ ಮಾಡುತ್ತೇನೆಂದು ಹೊರಟೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಕೆಂಪಗಾದ ನಿಕ್ರೋಮ್ ಅದಕ್ಕಿಂತ ಬಿಸಿ, ಲೆಕ್ಕದಲ್ಲಿ ತಪ್ಪೇನಿಲ್ಲ. ತಪ್ಪಿದ್ದದ್ದು ಇಟ್ಟಿಗೆಯಲ್ಲಿ. ಮನೆ ಕಟ್ಟುವ ಇಟ್ಟಿಗೆ ಬಿಸಿಯನ್ನು ಹಿಡಿದಿಡುವುದಿಲ್ಲ, ಕುಡಿಯುತ್ತದೆ. ಮೂರು ಗಂಟೆ ಉರಿದರೂ ಒಳಗಿಟ್ಟ ಹಳೇ ಪಿಸ್ಟನ್ ಚೂರು ಬೆವರಲಿಲ್ಲ, ಶೆಡ್ಡಿನಲ್ಲಿ ನಾನು ಬೆವರಿದೆ. ಕೊನೆಗೆ ಕಾಯಿಲ್ ಒಂದು ಕಡೆ ತುಂಡಾಯಿತು. ತುದಿಗಳನ್ನು ಹೊಸೆದು ಜೋಡಿಸಿದೆ; ಹೊಸೆದ ಜಾಗದಲ್ಲಿ ಆ ಕ್ರೋಮಿಯಂ ಪೊರೆಯೇ ಅಡ್ಡ ನಿಂತು, ಗಂಟು ಉಳಿದ ತಂತಿಗಿಂತ ಹೆಚ್ಚು ಕಾದು ಮತ್ತೆ ಅಲ್ಲೇ ತುಂಡಾಯಿತು. ಹೀಗೆ ಮೂರು ಸಲ. ಆ ತಿಂಗಳ ಕರೆಂಟು ಬಿಲ್ಲು ನೋಡಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ, ಅದರಲ್ಲೂ ನಮ್ಮ ಹಳೇ ಸರಾಸರಿಯ ಗೆರೆಯೊಳಗೆ, ಸಂಸಾರ ನಡೆಸುವವಳು ಅವಳು.

ಕುಕ್ಕರ್ ಬಂದದ್ದು ಇದಾದ ಮೇಲೆ. ಅದನ್ನು ತಲೆಕೆಳಗು ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದೆ. ಎಷ್ಟೋ ವರ್ಷ ಅನ್ನ ತಿಂದಿದ್ದೇನೆ, ಅದರ ಹೊಟ್ಟೆ ನೋಡಿದ್ದು ಅದೇ ಮೊದಲು.

ತಟ್ಟೆಯ ನಡುವೆ ನಾಣ್ಯದಗಲದ, ಸ್ಪ್ರಿಂಗಿನ ಮೇಲೆ ಕೂತ ಗುಂಡಿಯೊಂದು ಇರುತ್ತದಲ್ಲ, ಪಾತ್ರೆ ಇಟ್ಟಾಗ ಅದುಮಿಕೊಳ್ಳುವಂಥದ್ದು? ಅದರೊಳಗೆ ಫೆರೈಟ್ ಎಂಬ, ಆಯಸ್ಕಾಂತಕ್ಕೆ ಅಂಟುವ ವಸ್ತುವಿನ ಬಿಲ್ಲೆಯಿದೆ. ಕೆಳಗೆ ಒಂದು ಆಯಸ್ಕಾಂತ. ನಾವು ಹೊರಗಿನ ಗುಂಡಿ ಒತ್ತಿದಾಗ ಆಯಸ್ಕಾಂತ ಮೇಲೇರಿ ಬಿಲ್ಲೆಯನ್ನು ಕಚ್ಚಿಕೊಳ್ಳುತ್ತದೆ, ಕರೆಂಟು ಹರಿಯುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ತಳದ ಬಿಸಿ 100 ಡಿಗ್ರಿಯ ಹತ್ತಿರವೇ ನಿಂತಿರುತ್ತದೆ, ಎಷ್ಟು ಉರಿ ಕೊಟ್ಟರೂ ನೀರು ಅದನ್ನು ಆವಿಯಾಗಿ ಒಯ್ಯುತ್ತದೆ. ನೀರು ಇಂಗಿತೋ, ತಳ ಏರತೊಡಗುತ್ತದೆ. ನೂರರ ಮೇಲೆ ಇಷ್ಟೇ ಇಷ್ಟು ಏರುವಷ್ಟರಲ್ಲಿ ಆ ಬಿಲ್ಲೆ ಆಯಸ್ಕಾಂತಕ್ಕೆ ಅಂಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ಒದೆಯುತ್ತದೆ. ಟಕ್. ಅನ್ನ ಆಯಿತು.

ಗಡಿಯಾರವಿಲ್ಲ, ಚಿಪ್ಪಿಲ್ಲ. ಒಂದು ಬಿಸಿಗೆ ಬಂದಾಗ ಕಾಂತಗುಣ ಮಾಯವಾಗುವ ಈ ವಿದ್ಯೆಯನ್ನು ಪಿಯರ್ ಕ್ಯೂರಿ 1895ರಲ್ಲಿ ವಿವರವಾಗಿ ತೋರಿಸಿದ್ದ, ಆ ಬಿಂದುವಿಗೆ ಅವನದೇ ಹೆಸರು. 1955ರಲ್ಲಿ ಜಪಾನಿನ ತೋಷಿಬಾ ಮಾರಿದ ಮೊದಲ ಆಟೊಮ್ಯಾಟಿಕ್ ಕುಕ್ಕರಿನಲ್ಲಿ ಈ ಉಪಾಯ ಇರಲಿಲ್ಲ. ಅದರಲ್ಲಿ ಪಾತ್ರೆಯ ಹೊರಗೆ ಇನ್ನೊಂದು ಪಾತ್ರೆ, ಅದಕ್ಕೆ ಅಳತೆಯ ಒಂದು ಲೋಟ ನೀರು. ಆ ನೀರು ಆವಿಯಾಗಿ ಮುಗಿದು ಬಿಸಿ ನೂರು ದಾಟಿದ ಕೂಡಲೇ ಎರಡು ಲೋಹ ಅಂಟಿಸಿ ಮಾಡಿದ ಬೈಮೆಟಲ್ ಪಟ್ಟಿ ಬಾಗಿ ಕರೆಂಟು ಕಡಿಯುತ್ತಿತ್ತು. ಉಪಾಯ ಬೇರೆ, ಕಾಯುವುದು ಮಾತ್ರ ಅದೇ ಗಳಿಗೆಯನ್ನು.

ಈ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕೂತಾಗ ನನಗೆ ನೆನಪಾದದ್ದು ಕುಲುಮೆ. ಇದ್ದಿಲಲ್ಲಿ ಉಕ್ಕು ಕಾಯಿಸಿ ಗಟ್ಟಿ ಮಾಡುವಾಗ ನನ್ನಂಥ ಅರೆಬರೆ ಕೆಲಸಗಾರರು ಆಯಸ್ಕಾಂತ ಮುಟ್ಟಿಸಿ ನೋಡುತ್ತೇವೆ. 770 ಡಿಗ್ರಿ ದಾಟಿದ ಕಬ್ಬಿಣವನ್ನು ಆಯಸ್ಕಾಂತ ಹಿಡಿಯುವುದಿಲ್ಲ. ಅದಕ್ಕಿಂತ ಒಂದಿಷ್ಟು ಮೇಲೆಯೇ ಎಣ್ಣೆಗೋ ನೀರಿಗೋ ಅದ್ದಬೇಕಾದ ಹದ. ನುರಿತ ಕಮ್ಮಾರರು ಕೆಂಪಿನ ಬಣ್ಣ ನೋಡಿ ಹೇಳುತ್ತಾರೆ, ಅವರಿಗೆ ಆಯಸ್ಕಾಂತ ಬೇಡ. ಆದರೂ ಅಡಿಗೆಮನೆಯ ಕುಕ್ಕರು, ಕುಲುಮೆಯ ಉಕ್ಕು ಎರಡೂ ಒಂದೇ ಮಾತನ್ನು ಬೇರೆ ಬೇರೆ ಡಿಗ್ರಿಯಲ್ಲಿ ಹೇಳುತ್ತಿವೆ ಎಂದು ಹೊಳೆದ ಆ ರಾತ್ರಿ ನಾನು ಕೆಳಗೆ ಊಟಕ್ಕೆ ಇಳಿದದ್ದು ತಡವಾಗಿ.

ಅವತ್ತಿಂದ ಯೋಚನೆಯ ದಿಕ್ಕು ಬದಲಾಯಿತು. ಕುಕ್ಕರನ್ನು ಕುಲುಮೆ ಮಾಡಲು ಹೋಗಬಾರದು. ಅದಕ್ಕೆ ಗೊತ್ತಿರುವುದು ನೂರು ಡಿಗ್ರಿ, ಮತ್ತು ವಾರ್ಮ್ ಎಂಬ 65–75ರ ನಡುವಿನ ಇನ್ನೊಂದು ಬಿಸಿ. ನೂರು ಡಿಗ್ರಿಯನ್ನು ಬೇಡುವ ಕೆಲಸ ಯಾವುದು, ಎಪ್ಪತ್ತನ್ನು ಬೇಡುವ ಕೆಲಸ ಯಾವುದು ಎಂದು ಹುಡುಕಬೇಕು.

ಹುಡುಕುವ ಕಷ್ಟ ಬರಲಿಲ್ಲ. ಕಾಲೊನಿಯ ಸಂಗೀತದ ಟೀಚರ್ ಮನೆಯ ವೀಣೆಗೆ ಮೇಳ ಕಟ್ಟಲು ಬರುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಯಜಮಾನರೇ ಎನ್ನುವುದು. ವೀಣೆಯ 24 ಮೆಟ್ಟಿಲುಗಳು ಮರಕ್ಕೆ ಮೊಳೆ ಹೊಡೆದು ಕೂತಿರುವುದಿಲ್ಲ, ಮೇಣದ ಮೇಲೆ ಕೂತಿರುತ್ತವೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಕರಿ ಮೇಣ. ವರ್ಷಗಳಾದಂತೆ, ಬೇಸಿಗೆಗಳಾದಂತೆ ಮೆಟ್ಟಿಲು ಕದಲಿ ಶ್ರುತಿ ತಪ್ಪುತ್ತದೆ, ಆಗ ಮೇಣ ಕೆರೆದು ಹೊಸದಾಗಿ ಕಟ್ಟಬೇಕು. ಮೇಣವನ್ನು ಮೆತ್ತಗೆ ಮಾಡಿ ದಿಂಡಿನಂತೆ ಕೂರಿಸಿ, ಮೆಟ್ಟಿಲನ್ನು ಒತ್ತಿ, ತಂತಿ ಮೀಟಿ, ಕಿವಿಗೊಟ್ಟು, ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ. ಮೂರ್ನಾಲ್ಕು ದಿನದ ಕೆಲಸ. ಯಜಮಾನರು ಮೇಣ ಕಾಯಿಸುತ್ತಿದ್ದದ್ದು ಸೀಮೆಎಣ್ಣೆ ಸ್ಟವ್ವಿನ ಮೇಲೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದಂತಾದ ಮೇಲೆ ಮನೆಯ ಗ್ಯಾಸಿಗೆ ಬಂದಿದ್ದರು. ಸೊಸೆಗೆ ಅದು ಸಿಟ್ಟು.

ಸಿಟ್ಟಿಗೆ ಕಾರಣವಿತ್ತು. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಗೆ. ನೇರ ಉರಿಯ ಮೇಲಿಟ್ಟರೆ ಕರಗುವುದಕ್ಕೆ ಹಿಡಿಯುವ ಹೊತ್ತೇ ಬೇರೆ, ಆಮೇಲೆ ಹೊಗೆಯಾಡುವುದಕ್ಕೆ ಹೊತ್ತೇ ಬೇಡ. ಇನ್ನೂರು ಡಿಗ್ರಿ ದಾಟಿ ಏರಿದರೆ ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ನೀರು ಚಿಮುಕಿಸಿದಿರೋ ಉರಿ ಸೂರು ಮುಟ್ಟುತ್ತದೆ. ಒಂದು ಸಲ ಅವರ ಅಡಿಗೆಮನೆಯಲ್ಲಿ ಡಬ್ಬಿಯ ಅಂಚು ಹೊತ್ತಿಕೊಂಡು, ತಟ್ಟೆ ಮುಚ್ಚಿ ಆರಿಸಿದ್ದರಂತೆ.

ನಮ್ಮ ಕುಕ್ಕರನ್ನು ಅವರಿಗೆ ಒಯ್ದುಕೊಟ್ಟೆ. ಪಾತ್ರೆಗೆ ಅರ್ಧ ನೀರು, ನೀರಿನೊಳಗೆ ಅವರ ಹಳೇ ಹಾಲಿನಪುಡಿ ಡಬ್ಬಿ, ಡಬ್ಬಿಯೊಳಗೆ ಮೇಣ. ನೀರಿರುವ ತನಕ ಮೇಣ ನೂರು ದಾಟುವ ಮಾತೇ ಇಲ್ಲ. ನೀರು ಮುಗಿದರೆ ಟಕ್ ಎಂದು ಅದೇ ಹೇಳುತ್ತದೆ, ಹೇಳಿ ಎಪ್ಪತ್ತಕ್ಕೆ ಇಳಿದು ಮೇಣವನ್ನು ಕರಗಿದ ಹಾಗೇ ಕಾಯುತ್ತದೆ. ಲೇಪ ಎದ್ದುಹೋದದ್ದು ಇಲ್ಲಿ ಯಾರಿಗೆ ಬೇಕು? ಯಜಮಾನರು ಅದನ್ನು ಸುತ್ತಲೂ ನೋಡಿ ಹೇಳಿದ್ದು ಒಂದೇ ಮಾತು: "ಇದುಕ್ಕೆ ಕಿವಿ ಇದೆ ಅನ್ನಿ."

ಇದೇ ವಾರ್ಮ್ ಬಿಸಿ ಸರೇಸಿಗೂ ಒಗ್ಗುತ್ತದೆ. ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡುವ, ಬಡಗಿಗಳು ತಲೆತಲಾಂತರದಿಂದ ಬಳಸಿದ ಅಂಟು ಅದು. ಅರವತ್ತರ ಆಸುಪಾಸಿನಲ್ಲಿ ಕರಗಿಸಿ ಹಚ್ಚಬೇಕು, ಎಪ್ಪತ್ತು ದಾಟಿಸಿ ಕಾಯಿಸುತ್ತ ಹೋದರೆ ಹಿಡಿತ ಸಡಿಲವಾಗುತ್ತದೆ. ಮುಚ್ಚಳ ಅರ್ಧ ತೆರೆದು, ಸೀಸೆಯನ್ನು ನೀರಿನಲ್ಲಿಟ್ಟರೆ ಸಾಕಾಗುತ್ತದೆ. ಬಿಳಿ ಫೆವಿಕಾಲ್ ಕಾಲದಲ್ಲಿ ಇದು ಯಾಕೆ ಎಂದರೆ, ನಾಳೆ ಯಾರಾದರೂ ಬಿಚ್ಚಬೇಕಾದರೆ ಇದು ಬಿಟ್ಟುಕೊಡುತ್ತದೆ. ಒದ್ದೆ ಬಟ್ಟೆ ಹಾಕಿ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದರೆ ಹಳೇ ಪದರ ಸಲೀಸಾಗಿ ಎದ್ದು ಬರುತ್ತದೆ.

ಇಸ್ತ್ರಿ ಪೆಟ್ಟಿಗೆಯ ಬಗ್ಗೆ ಇಷ್ಟು ಹೇಳಿದರೆ ಸಾಕು: ಅದನ್ನು ಮಲಗಿಸಬೇಡಿ, ತಲೆಕೆಳಗಾಗಿ ವೈಸಿನಲ್ಲಿ ಹಿಡಿಸಿ. ನುಣುಪು ತಳ ಮೇಲೆ ಬರುತ್ತದೆ, ಅಲ್ಲಿಗೆ ಅದು ಹಾಟ್‌ಪ್ಲೇಟ್. ಎಲ್‌ಇಡಿ ಬಲ್ಬಿನ ಅಲ್ಯೂಮಿನಿಯಂ ಬಿಲ್ಲೆಯನ್ನು ಅದರ ಮೇಲಿಟ್ಟರೆ ಸತ್ತ ಎಲ್‌ಇಡಿ ಚಿಮಟದಲ್ಲಿ ಎತ್ತುವಷ್ಟು ಹಗುರಾಗಿ ಬಿಟ್ಟುಕೊಳ್ಳುತ್ತದೆ. ತವರ-ಸೀಸದ ಬೆಸುಗೆ ಕರಗುವುದು 183 ಡಿಗ್ರಿಗೆ, ಹತ್ತಿ ಬಟ್ಟೆಯ ಗುರುತಿಗೆ ತಿರುಗಿಸಿದರೆ ಪೆಟ್ಟಿಗೆ ಅದನ್ನು ದಾಟುತ್ತದೆ. ಸೀಸ ಇಲ್ಲದ ಹೊಸ ಬೆಸುಗೆಗೆ 217 ಬೇಕು, ಅಲ್ಲಿ ಇದು ತಿಣುಕುತ್ತದೆ. ಇನ್ನು ಕೆಟಲ್: ಮುಚ್ಚಳ ತೆಗೆದಿಟ್ಟರೆ ಅದು ಕುದಿದು ಕುದಿದು ನಿಲ್ಲುವುದೇ ಇಲ್ಲ, ಏಕೆಂದರೆ ಅದರ ಬೈಮೆಟಲ್ ಬಿಲ್ಲೆ ಕಾಯುತ್ತಿರುವುದು ನೀರನ್ನಲ್ಲ, ಹಿಡಿಯ ಕಡೆ ಹೋಗುವ ಆವಿಯನ್ನು. ತೆಳು ಮರದ ಪಟ್ಟಿ ಬಗ್ಗಿಸಲು ಆವಿ ಬೇಕಾದವರಿಗೆ ಇದು ದೋಷವಲ್ಲ, ವರ. ನೀರು ತುಂಬುತ್ತಿರಬೇಕು, ಅಷ್ಟೆ.

ಒಟಿಜಿಯ ಕತೆ ಬೇರೆ. ಹೇಳದೆ ಬಿಡೋಣವೆಂದುಕೊಂಡಿದ್ದೆ.

ಅದು ನಮ್ಮ ಅತ್ತಿಗೆ ಮನೆಯದು, ಟೈಮರ್ ಕೆಟ್ಟದ್ದು. ಮಳೆಗಾಲವಿಡೀ ಶೆಡ್ಡಿನ ಮೂಲೆಯಲ್ಲಿತ್ತು. ಹಾಕಿದ ಕೂಡಲೇ ಇಡೀ ಮನೆಯ ಕರೆಂಟು ಟ್ರಿಪ್. ಒಂದು ವಾರ ಎಲಿಮೆಂಟ್ ಅರ್ಥ್ ಆಗಿದೆಯೆಂದೇ ನಂಬಿದ್ದೆ. ಈ ಕೊಳವೆ ಎಲಿಮೆಂಟಿನೊಳಗೆ ನಿಕ್ರೋಮ್ ಸುರುಳಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಗಿಡಿದು ತುಂಬಿರುತ್ತಾರೆ. ಅದು ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ತೇವ ಹೀರುತ್ತದೆ. ತೇವ ಹೀರಿದ ಪುಡಿಯಲ್ಲಿ ಚೂರು ಕರೆಂಟು ಕವಚಕ್ಕೆ ಸೋರಿದರೂ, ಸೋರಿಕೆ ಕಂಡೊಡನೆ ಮನೆಯ ಕರೆಂಟು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಎಲಿಮೆಂಟುಗಳನ್ನು ಬಿಚ್ಚಿ, ಎರಡು ಮಧ್ಯಾಹ್ನ ಬಿಸಿಲಿಗಿಟ್ಟು, ಆಮೇಲೆ ಹೆಂಡತಿ ಊರಿಗೆ ಹೋದ ದಿನ ಕೆಳಗಿನ ಒಳ್ಳೇ ಒಟಿಜಿಯಲ್ಲಿ ಈ ಕೆಟ್ಟ ಒಟಿಜಿಯ ಎಲಿಮೆಂಟನ್ನು ಮೂರು ಗಂಟೆ ಬೇಯಿಸಿದೆ. ಸರಿಹೋಯಿತು. ಟ್ರಿಪ್ ಆಗುತ್ತದೆಂದು ಅರ್ಥ್ ವೈರು ಕಿತ್ತು ಬಳಸುವ ಮಹಾನುಭಾವರನ್ನು ನಾನು ಕಾರ್ಖಾನೆಯಲ್ಲೇ ನೋಡಿದ್ದೇನೆ. ಆ ವೈರು ಇರುವುದು ಪೆಟ್ಟಿಗೆಯ ಕಬ್ಬಿಣದ ಮೈಗೂ ನಮ್ಮ ಮೈಗೂ ನಡುವೆ.

ಸರಿಹೋದ ಒಟಿಜಿಗೆ ನಾನು ಬುದ್ಧಿವಂತಿಕೆ ತೋರಿಸಿದೆ. ಅದರ ತಿರುಗಣೆಯ ಹಿಂದಿದ್ದ ಬೈಮೆಟಲ್ ಥರ್ಮೋಸ್ಟಾಟ್ ನನಗೆ ಒರಟಾಗಿ ಕಂಡಿತು. 200ಕ್ಕೆ ಇಟ್ಟರೆ 185ಕ್ಕೂ 220ಕ್ಕೂ ತೂಗಾಡುತ್ತಿತ್ತು. ಅದನ್ನು ತೆಗೆದು ನೇರ ಜೋಡಿಸಿ, ಬಿಸಿ ಅಳೆಯಲು ಕೆ-ಟೈಪ್ ಥರ್ಮೋಕಪಲ್, ಲೆಕ್ಕ ನೋಡಲು ಡಿಜಿಟಲ್ ಕಂಟ್ರೋಲರ್, ಅದು ಹೇಳಿದಂತೆ ಕರೆಂಟು ಬಿಡಲು, ಕಡಿಯಲು ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಬೇಕಾದ ಡಿಗ್ರಿಯಿಂದ ಎರಡು ಆಚೀಚೆ ಆಗದ ಹಾಗೆ ನಿಂತಿತು. ಬಂದವರಿಗೆಲ್ಲ ತೋರಿಸುತ್ತಿದ್ದೆ.

ನನಗೆ ಪರಿಚಯದ ಇನ್‌ಲೇ ಕೆಲಸದವರೊಬ್ಬರಿದ್ದಾರೆ, ಅಣ್ಣ ಎನ್ನುತ್ತೇನೆ. ಬೀಟೆ ಮರದಲ್ಲಿ ಹಳ್ಳ ತೋಡಿ ಬೇರೆ ಬಣ್ಣದ ಮರದ ಚೂರು ಕೂರಿಸುವ ಮೈಸೂರಿನ ಕೆಲಸ. ಹಳೇ ಅರ ತೇದು ತಾವೇ ಮಾಡಿಕೊಂಡ ಆರು ಸಣ್ಣ ಉಳಿಗಳನ್ನು ಗಟ್ಟಿ ಮಾಡಿಸಿಕೊಂಡು ಬಂದು, ಹದ ಇಳಿಸಿ ಕೊಡು ಎಂದು ಕೈಗಿತ್ತರು. ನೀರಿಗೆ ಅದ್ದಿದ ಉಕ್ಕು ಗಾಜಿನಂತೆ ಗಟ್ಟಿ, ಗಾಜಿನಂತೆ ಪೆಡಸು. ಅದನ್ನು 220 ಡಿಗ್ರಿಗೆ ಒಂದು ಗಂಟೆ ಇಟ್ಟರೆ ಮೈಮೇಲೆ ಹುಲ್ಲಿನ ಹಳದಿ ಬಣ್ಣ ಬರುತ್ತದೆ, ಉಳಿಯ ಬಾಯಿಗೆ ಅದು ಸರಿ. 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ನೀಲಿ ಬಂದರೆ ಅದು ಸ್ಪ್ರಿಂಗಿಗಾದೀತು, ಕೆತ್ತುವ ಉಳಿಗಲ್ಲ.

ಉಳಿಗಳನ್ನಿಟ್ಟು, 220 ಎಂದು ಬರೆದದ್ದನ್ನು ನೋಡಿ, ಉಪ್ಪೆಸರು ಮುದ್ದೆ ಆರುತ್ತದೆಂದು ಕೂಗಿದ್ದಕ್ಕೆ ಕೆಳಗಿಳಿದೆ. ವಾಪಸು ಹೋದಾಗ ಕಂಟ್ರೋಲರಿನಲ್ಲಿ 338. ಅದರ ಪುಟ್ಟ ಕೆಂಪು ದೀಪ ಆರಿತ್ತು, ಅಂದರೆ ಅದು ರಿಲೇಗೆ ನಿಲ್ಲಿಸು ಎಂದೇ ಹೇಳುತ್ತಿತ್ತು. ರಿಲೇ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಾಲಿಡ್ ಸ್ಟೇಟ್ ರಿಲೇಗಳು ಸಾಯುವಾಗ ಬಹುಪಾಲು ಕರೆಂಟು ಬಿಟ್ಟುಕೊಂಡೇ ಸಾಯುತ್ತವೆ. ಬಲ್ಬಿನಂತೆ ಆರಿ ಸಾಯುವುದಿಲ್ಲ, ನಲ್ಲಿಯಂತೆ ತೆರೆದು ಸಾಯುತ್ತವೆ. ಇದನ್ನು ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಪಾಠ ಮಾಡುವವನೇ ನಾನು. ಆರೂ ಉಳಿಗಳು ನವಿಲಿನ ಕತ್ತಿನಂತೆ ನೀಲಿಯಾಗಿ, ಅದನ್ನೂ ದಾಟಿ ಬೂದಿಗೆ ತಿರುಗುತ್ತಿದ್ದವು.

ಅಣ್ಣ ಬೈಯಲಿಲ್ಲ. ಒಂದು ಉಳಿ ಎತ್ತಿ ಬೆಳಕಿಗೆ ಹಿಡಿದು, "ಚೆಂದ ಬಂದಿದೆ ಬಣ್ಣ" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ್ನು ಮತ್ತೆ ಕಾಯಿಸಿ, ಮತ್ತೆ ಅದ್ದಿ, ಮತ್ತೆ ತೇದು ಕೊಡಲು ನನಗೆ ಎರಡು ಭಾನುವಾರ ಹಿಡಿಯಿತು; ಒಂದು ಉಳಿ ಅದ್ದುವಾಗ ಸೀಳಿತು. ಈಗ ಒಟಿಜಿಯಲ್ಲಿ ಆ ಒರಟು ಥರ್ಮೋಸ್ಟಾಟ್ ಮತ್ತೆ ಅದರ ಜಾಗದಲ್ಲೇ ಇದೆ. ನನ್ನ ಡಿಜಿಟಲ್ ವ್ಯವಸ್ಥೆ ಎರಡು ಡಿಗ್ರಿಯ ಲೆಕ್ಕ ನೋಡಿಕೊಳ್ಳುತ್ತದೆ, ಅದು ಹುಚ್ಚಾದರೆ ಹಳಬ 240ಕ್ಕೆ ಬಾಗಿಲು ಹಾಕುತ್ತಾನೆ. ಮೂರನೆಯವನಾಗಿ ಒಂದು ಥರ್ಮಲ್ ಫ್ಯೂಸ್. ಅದನ್ನು ಜೋಡಿಸುವಾಗಲೂ ಒಂದು ಸಲ ನಗೆಪಾಟಲಾದೆ: ಬೆಸುಗೆ ಹಾಕಿದೆ, ಬೆಸುಗೆಯ ಬಿಸಿಗೇ ಫ್ಯೂಸ್ ಹೋಯಿತು. ಅದನ್ನು ಬಿಸಿಯಿಲ್ಲದೆ, ಲೋಹದ ತೋಳಿನಲ್ಲಿಟ್ಟು ಅದುಮಿ ಕ್ರಿಂಪ್ ಮಾಡಬೇಕು.

ಮೇಲೆ ಹತ್ತಲು ಬಿಡದ ಸಾಮಾನು ಒಂದಿದೆ: ಮೈಕ್ರೊವೇವ್. ಪಕ್ಕದ ಬೀದಿಯ ಹುಡುಗ, ಪಾಲಿಟೆಕ್ನಿಕ್ ಓದುವವನು, ಕೆಟ್ಟದ್ದೊಂದನ್ನು ಹೊತ್ತು ತಂದು, "ಅಂಕಲ್, ಇದರ ಟ್ರಾನ್ಸ್‌ಫಾರ್ಮರ್‌ನಲ್ಲಿ ಮರದ ಮೇಲೆ ಮಿಂಚಿನ ಚಿತ್ರ ಸುಡಬಹುದಂತೆ, ಮಾಡೋಣ್ವಾ?" ಎಂದ. ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಚಿತ್ರ ಚೆಂದವಾಗಿಯೇ ಇತ್ತು, ಮರದ ಮೈಯಲ್ಲಿ ಬೇರು ಬಿಟ್ಟ ಹಾಗೆ. ಆ ಟ್ರಾನ್ಸ್‌ಫಾರ್ಮರ್ 2000 ವೋಲ್ಟ್ ಕೊಡುತ್ತದೆ, ಅದೂ ಕೊಲ್ಲುವುದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟಿನ ಸಮೇತ. ಮನೆಯ ಆರ್‌ಸಿಸಿಬಿಗೆ ಅದರ ಆಚೆ ಬದಿಯಲ್ಲಿ ಏನಾಗುತ್ತಿದೆಯೆಂದು ಕಾಣುವುದೇ ಇಲ್ಲ, ಹಾಗಾಗಿ ಅದು ಬೀಳುವುದಿಲ್ಲ. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಹತ್ತಾರು ಜನ ಪ್ರಾಣ ಬಿಟ್ಟಿದ್ದಾರೆ, ಅಲ್ಲಿನ ಮರಕಡೆತ ಕಲಾವಿದರ ಸಂಘವೇ ತನ್ನ ಸಭೆಗಳಲ್ಲಿ ಇದನ್ನು ನಿಷೇಧಿಸಿದೆ. ಹುಡುಗನಿಗೆ ಬೇಸರವಾಯಿತು. ಕೆಪಾಸಿಟರ್ ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಅವನೆದುರೇ ಗರಗಸದಲ್ಲಿ ಕೊಯ್ದೆ. ತಟ್ಟೆ ತಿರುಗಿಸುವ ಪುಟ್ಟ ಮೋಟಾರು ಮಾತ್ರ ಬಿಚ್ಚಿ ಕೊಟ್ಟೆ. ನಿಮಿಷಕ್ಕೆ ಐದಾರು ಸುತ್ತು ತಿರುಗುವ ಅದರ ಮೇಲೆ ಎಪಾಕ್ಸಿ ಬಳಿದ ಸಾಮಾನು ಕೂರಿಸಿದರೆ ತೊಟ್ಟಿಕ್ಕದೆ ಒಣಗುತ್ತದೆ. ಅವನು ಅದರ ಮೇಲೆ ಗಣೇಶನನ್ನು ಕೂರಿಸಿ ಹಬ್ಬಕ್ಕೆ ತಿರುಗಿಸಿದ.

ಇದೆಲ್ಲ ಓದಿ ಯಾರಾದರೂ ಶುರು ಮಾಡುವವರಿದ್ದರೆ ಒಂದು ಮಾತು. ತೀರಾ ಹಳೇ ಒಲೆ, ಇಸ್ತ್ರಿ ಪೆಟ್ಟಿಗೆಗಳ ಒಳಗೆ ಬೂದು ಬಣ್ಣದ, ನಾರು ನಾರಾದ ಹಾಳೆ ಕಂಡರೆ ಅದು ಕಲ್ನಾರು ಇರಬಹುದು, ಕೆರೆಯಲು ಹೋಗದೆ ಹಾಗೇ ಮುಚ್ಚಿ. ನಾನ್‌ಸ್ಟಿಕ್ ಪಾತ್ರೆಯನ್ನು 260 ದಾಟಿಸಬೇಡಿ, ಅದರ ಹೊಗೆಗೆ ಪಂಜರದ ಹಕ್ಕಿಗಳು ಸತ್ತದ್ದಿದೆ. ಪಿವಿಸಿ ಪೈಪು ಬಗ್ಗಿಸಲು ಹೋಗಿ ಸುಟ್ಟರೆ ಬರುವುದು ಆಸಿಡ್ ಹೊಗೆ. ಫ್ಯಾನಿನ ರೆಗ್ಯುಲೇಟರ್‌ಗೆ ಹೀಟರ್ ಜೋಡಿಸಬೇಡಿ. ಮತ್ತೆ, ಮಹಡಿ ಹತ್ತಿದ ಸಾಮಾನು ಅಡಿಗೆಮನೆಗೆ ಇಳಿಯಬಾರದು. ಈ ಕೊನೆಯದು ಮಾತ್ರ ನಮ್ಮ ಮನೆಯಲ್ಲಿ ಲಿಖಿತ ಕಾನೂನು.

ಹೋದ ತಿಂಗಳು ಯಜಮಾನರ ಫೋನ್. "ನಿಮ್ ಕುಕ್ಕರ್ ಈಗ ಟಕ್ ಅಂತಿಲ್ಲ, ಬರ್ತೀರಾ?" ಹೋದೆ. ನೋಡಿದರೆ ನಡುವಿನ ಗುಂಡಿಯ ಸುತ್ತ ಕರಿ ಮೇಣ ಸೋರಿ ಗಟ್ಟಿಯಾಗಿ, ಗುಂಡಿ ಕೆಳಗೇ ಸಿಕ್ಕಿಕೊಂಡಿತ್ತು. ನೀರು ಮುಗಿದದ್ದು ಅದಕ್ಕೆ ತಿಳಿದಿದ್ದರೂ ಸ್ಪ್ರಿಂಗ್ ಒದೆಯುವಂತಿರಲಿಲ್ಲ. ಬಿಸಿ ಬಟ್ಟೆಯಲ್ಲಿ ಒರೆಸಿ, ಬೆಂಕಿಕಡ್ಡಿಯಲ್ಲಿ ಸುತ್ತ ಬಿಡಿಸುತ್ತ ಕೂತೆ. ಅವರು ಪಕ್ಕದಲ್ಲಿ ಯಾರದೋ ವೀಣೆಯ ಹನ್ನೊಂದನೇ ಮೆಟ್ಟಿಲಿನ ಮೇಲೆ ಬೆರಳಿಟ್ಟು ಮೀಟುತ್ತಿದ್ದರು. ಮೀಟುವುದು, ತಲೆ ಅಡ್ಡಡ್ಡ ಆಡಿಸುವುದು, ಮೆಟ್ಟಿಲನ್ನು ಹೆಬ್ಬೆರಳಲ್ಲಿ ಒತ್ತುವುದು, ಮೀಟುವುದು. ಆರನೇ ಸಲಕ್ಕೋ ಏಳನೇ ಸಲಕ್ಕೋ ತಲೆ ಆಡಿಸುವುದು ನಿಂತಿತು. ನನಗೆ ಕೇಳಿಸಿದ್ದರಲ್ಲಿ ಮೊದಲಿನದಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ.

ಸೊಸೆ ಕಾಫಿ ತಂದಿಟ್ಟು, ಕುಕ್ಕರನ್ನು ನೋಡಿ, "ಇದು ರೆಡಿಯಾಯ್ತಲ್ಲ, ತೊಳೆದು ಅನ್ನಕ್ಕಿಡಬಹುದಾ ಸಾರ್? ನಮ್ಮ ಹೊಸದು ಕೆಟ್ಟು ಕೂತಿದೆ" ಎಂದಳು. ಬೇಡಮ್ಮ ಬೇಡ ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಹೊಸದನ್ನು ತಂದು ತೋರಿಸಿದಳು. ಬಟನ್ನು, ಅಂಕಿ ಹೊಳೆಯುವ ಪರದೆ, ಪಲಾವಿಗೊಂದು ಗಂಜಿಗೊಂದು ಗುರುತು. ಕೊಂಡು ಒಂದೂವರೆ ವರ್ಷ. ಅಂಗಡಿಯಲ್ಲಿ ರಿಪೇರಿ ಆಗಲ್ಲ ಎಂದರಂತೆ. ಚೀಲಕ್ಕೆ ಹಾಕಿಸಿಕೊಂಡು ಸ್ಕೂಟರಿಗೆ ಸಿಕ್ಕಿಸಿಕೊಂಡೆ.

ಬಾಗಿಲಲ್ಲಿ ಹೆಂಡತಿ ಚೀಲದ ಆಕಾರ ನೋಡಿಯೇ ಕಂಡುಹಿಡಿದಳು. ಏನೂ ಹೇಳದೆ ದಾರಿ ಬಿಟ್ಟಳು.

ರಾತ್ರಿ ಬಿಚ್ಚಿದೆ. ಒಳಗೆ ಆಯಸ್ಕಾಂತ ಇರಲಿಲ್ಲ, ಫೆರೈಟ್ ಬಿಲ್ಲೆ ಇರಲಿಲ್ಲ. ಗುಂಡಿಯ ಜಾಗದಲ್ಲಿ ಬಿಸಿ ಅಳೆಯುವ, ಮೆಣಸಿನ ಕಾಳಿನಷ್ಟು ಗಾತ್ರದ ಥರ್ಮಿಸ್ಟರ್, ಅದರಿಂದ ಎರಡು ಎಳೆ ವೈರು, ವೈರಿನ ತುದಿಗೆ ಬೋರ್ಡು, ಬೋರ್ಡಿನ ಮೂಲೆಯಲ್ಲಿ ಉಗುರಗಲದ ಕಪ್ಪು ಸುಟ್ಟ ಕಲೆ. ಬಿಸಿ ತಟ್ಟೆಯ ಎರಡು ತುದಿಗೆ ಮೀಟರ್ ಹಿಡಿದೆ. 75 ಓಂ.